70ರಲ್ಲಿ ನಡುಗುತ್ತಿದ್ದ ಗಾಡಿ

65ರವರೆಗೆ ಏನೂ ಇಲ್ಲ. ಸ್ಪೀಡೋಮೀಟರ್ ಮುಳ್ಳು 70 ಮುಟ್ಟಿತು ಅಂದರೆ ಕಾಲಡಿಯ ನೆಲ ಜುಮ್ ಅನ್ನಲು ಶುರು. 85 ದಾಟಿದರೆ ಮತ್ತೆ ಕಡಿಮೆ. ಸ್ಟೀರಿಂಗ್ ಮಾತ್ರ ಅಲುಗುತ್ತಿರಲಿಲ್ಲ. ನಡುಕವೆಲ್ಲ ಸೀಟಿಗೆ, ನೆಲಕ್ಕೆ, ಗೇರ್ ಲಿವರಿಗೆ.

ನನ್ನ ಎಸ್‌ಯುವಿಗೆ ಆಗ 17 ವರ್ಷ, ಓಡಿದ್ದು 2,40,000 ಕಿಲೋಮೀಟರ್. ಡೀಸೆಲ್ ಇಂಜಿನ್, ಕೆಳಗೆ ಲಾರಿಯಂಥ ಚಾಸಿಸ್, ಮಾಮೂಲಿಯಾಗಿ ಓಟ ಹಿಂದಿನ ಚಕ್ರಗಳಿಗೆ, ಬೇಕಾದಾಗ ಮಾತ್ರ ಫೋರ್ ವೀಲ್ ಡ್ರೈವ್. ಇಷ್ಟು ವಯಸ್ಸಾದ ಗಾಡಿ ನಡುಗಿದರೆ ಎಲ್ಲರ ಹತ್ತಿರವೂ ಒಂದೊಂದು ಉತ್ತರ ರೆಡಿ ಇರುತ್ತದೆ. ವೀಲ್ ಬ್ಯಾಲೆನ್ಸಿಂಗ್ ಅಂದರು, ಮಾಡಿಸಿದೆ. ಹೋಗಲಿಲ್ಲ. ಸರಿಯಾಗಿ ಮಾಡಿಲ್ಲವೇನೋ ಅಂತ ಬೇರೆ ಕಡೆ ಇನ್ನೊಮ್ಮೆ ಮಾಡಿಸಿದೆ. ಆಮೇಲೆ ಇಂಜಿನ್ ಮೌಂಟಿಂಗ್ ಅಂದರು, ಬದಲಿಸಿದೆ. ಆಮೇಲೆ ಶಾಕ್ ಅಬ್ಸಾರ್ಬರ್. ಹೊಸ ಶಾಕ್ ಹಾಕಿದ ಮೇಲೆ ಗುಂಡಿ ಬಿದ್ದ ರಸ್ತೆಯಲ್ಲಿ ಗಾಡಿ ಚೆನ್ನಾಗಿ ಹೋಗುತ್ತಿತ್ತು, ಅದು ನಿಜ. 70ರ ನಡುಕ ಮಾತ್ರ ಇದ್ದಲ್ಲೇ ಇತ್ತು.

ಆಮೇಲೆ ಕೂತು ಯೋಚಿಸಿದಾಗ ನನಗೇ ನಾಚಿಕೆಯಾಯಿತು. ಅಷ್ಟೆಲ್ಲ ಬದಲಿಸಿದ್ದೆ, ಆದರೆ ನಡುಕ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಅಂತ ಒಂದು ಸಾರಿಯೂ ಸರಿಯಾಗಿ ಗಮನಿಸಿರಲಿಲ್ಲ. ಅವತ್ತು ಗ್ಲವ್ ಬಾಕ್ಸಿನಲ್ಲಿ ಒಂದು ನೋಟ್‌ಬುಕ್ ಇಟ್ಟೆ. ಗಾಡಿ ಏನು ಮಾಡಿದರೂ ಬರೆಯುವುದು. ಎಷ್ಟು ವೇಗ, ಯಾವ ಗೇರ್, ಇಂಜಿನ್ ತಣ್ಣಗಿತ್ತೋ ಬಿಸಿಯಾಗಿತ್ತೋ, ಬ್ರೇಕ್ ಒತ್ತಿದಾಗಲೋ ತಿರುಗಿಸಿದಾಗಲೋ. ಅರ್ಥ ಆಗದಿದ್ದರೂ ಸರಿ, ಸುಮ್ನೆ ಬರೆದಿಡುವುದು.

ಮೊದಲ ಪರೀಕ್ಷೆ ತುಂಬಾ ಸುಲಭದ್ದು. ಖಾಲಿಯಿರುವ ನೇರ ರಸ್ತೆಯಲ್ಲಿ 75ಕ್ಕೆ ಹೋಗಿ, ಗೇರ್ ನ್ಯೂಟ್ರಲ್ ಮಾಡಿ ಗಾಡಿಯನ್ನು ಹಾಗೇ ಉರುಳಲು ಬಿಟ್ಟೆ. ಇಂಜಿನ್ ಐಡ್ಲಿಂಗಿಗೆ ಇಳಿಯಿತು, ನಡುಕ ಉಳಿಯಿತು. ಅಂದರೆ ಇಂಜಿನ್ ಅಲ್ಲ, ಕ್ಲಚ್ ಅಲ್ಲ. ಮೌಂಟಿಂಗಿಗೆ ಸುರಿದ ದುಡ್ಡು ದಂಡ ಅಂತ ಅಲ್ಲೇ ಗೊತ್ತಾಯಿತು. ಆಮೇಲೆ ಅದೇ 75ರಲ್ಲಿ ಒಮ್ಮೆ 4ನೇ ಗೇರ್, ಒಮ್ಮೆ 5ನೇ ಗೇರ್. ಇಂಜಿನ್ ಸುತ್ತುವ ವೇಗ ಬೇರೆ ಬೇರೆಯಾದರೂ ನಡುಕ ಒಂದೇ ಥರ. ಹಾಗಾದರೆ ಕಾರಣ ಗೇರ್‌ಬಾಕ್ಸಿನಿಂದ ಹಿಂದೆಯೇ ಎಲ್ಲೋ ಇರಬೇಕು. ಅದು ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನ ಸುತ್ತನ್ನು ಹಿಂದಿನ ಆಕ್ಸಲಿಗೆ ಮುಟ್ಟಿಸುವ ಉದ್ದ ಕೊಳವೆ), ಹಿಂದಿನ ಆಕ್ಸಲ್, ಇಲ್ಲವೇ ಚಕ್ರ.

ಚಕ್ರವೋ ಶಾಫ್ಟೋ ಅಂತ ತೀರ್ಮಾನಿಸಲು ಸ್ವಲ್ಪ ಲೆಕ್ಕ ಹಾಕಿದೆ. ನನ್ನ ಟೈರಿನ ಸುತ್ತಳತೆ ಸುಮಾರು 2.3 ಮೀಟರ್. 70 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 19.4 ಮೀಟರ್. ಚಕ್ರ ಸೆಕೆಂಡಿಗೆ 8 ಸುತ್ತಿಗಿಂತ ಸ್ವಲ್ಪ ಜಾಸ್ತಿ ಸುತ್ತುತ್ತದೆ. ಆಕ್ಸಲ್ ಅನುಪಾತ 4.1, ಅಂದರೆ ಚಕ್ರ ಒಂದು ಸುತ್ತು ಸುತ್ತಲು ಶಾಫ್ಟ್ 4.1 ಸುತ್ತಬೇಕು. ಹಾಗಾಗಿ ಅದೇ ಹೊತ್ತಿಗೆ ಶಾಫ್ಟ್ ಸೆಕೆಂಡಿಗೆ 34-35 ಸುತ್ತು ಹೊಡೆಯುತ್ತದೆ. ಚಕ್ರದ ತೊಂದರೆಯಾದರೆ ದಡ ದಡ ಅಂತ ನಿಧಾನದ ಕುಲುಕಾಟ, ಮನಸ್ಸು ಮಾಡಿದರೆ ಎಣಿಸಬಹುದು ಅನ್ನುವಂಥದ್ದು. ಶಾಫ್ಟಿನದಾದರೆ ಫೋನ್ ವೈಬ್ರೇಟರಿನ ಥರ ಜುಮ್ಮೆನ್ನುವ ಕಂಪನ. ನನ್ನದು ಎರಡನೆಯದು. ಫೋನಿನಲ್ಲಿ ಕಂಪನ ಅಳೆಯುವ ಆ್ಯಪ್ ಹಾಕಿ ಸೀಟಿನ ಪಕ್ಕ ನೆಲಕ್ಕೆ ಟೇಪ್ ಹಚ್ಚಿ ನೋಡಿದೆ. ಗೆರೆ ಎದ್ದು ನಿಂತದ್ದು ಸೆಕೆಂಡಿಗೆ 35ರ ಹತ್ತಿರವೇ. ಅವತ್ತು ಅನುಭವಿಸಿದ ಖುಷಿ ಗಾಡಿ ರಿಪೇರಿಯಾದ ದಿನವೂ ಇರಲಿಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಇಲ್ಲಿಯೇ ಸಿಕ್ಕಿಬಿದ್ದೆ ಕೂಡ.

ಗ್ಯಾರೇಜಿನಲ್ಲಿ ಗಾಡಿ ಎತ್ತಿಸಿ, ಶಾಫ್ಟ್ ನೋಡಿ ಅಂದೆ. ಮೆಕ್ಯಾನಿಕ್ ಒಂದು ಕೈಯಲ್ಲಿ ಶಾಫ್ಟ್, ಇನ್ನೊಂದರಲ್ಲಿ ಫ್ಲಾಂಜ್ (ಶಾಫ್ಟನ್ನು ಬೋಲ್ಟ್ ಹಾಕಿ ಕೂಡಿಸುವ ತಟ್ಟೆ) ಹಿಡಿದು ಎದುರು ಬದುರು ತಿರುಚಿ ನೋಡಿದರು. 'ಕ್ರಾಸ್‌ನಲ್ಲಿ ಪ್ಲೇ ಇಲ್ಲ ಸಾರ್, ಗಟ್ಟಿ ಇದೆ' ಅಂದರು. ಕ್ರಾಸ್ ಅಂದರೆ ಶಾಫ್ಟಿನ ಎರಡೂ ತುದಿಯಲ್ಲಿ ಅದು ಮಡಚಿಕೊಂಡು ಸುತ್ತಲು ಬಿಡುವ ಕೀಲು, ಪ್ಲೇ ಅಂದರೆ ಸಡಿಲ. ನಾನೂ ಹಿಡಿದು ನೋಡಿದೆ. ನಿಜವಾಗಿಯೂ ಗಟ್ಟಿ. ತಲೆ ಕೆರೆದುಕೊಂಡು ಮನೆಗೆ ಬಂದೆ.

ಎರಡು ವಾರ ಬಿಟ್ಟು ನಾನೇ ಗಾಡಿ ಕೆಳಗೆ ಮಲಗಿದೆ. ಟಾರ್ಚ್ ಹಾಕಿ ನೋಡಿದಾಗ ಮುಂದಿನ ಕ್ರಾಸಿನ ಒಂದು ಬೇರಿಂಗ್ ಬಟ್ಟಲಿನ ಅಂಚಿನಲ್ಲಿ ಕೆಂಪು ಪುಡಿ ಕಂಡಿತು, ನುಣ್ಣಗೆ ಕುಂಕುಮದ ಹಾಗೆ. ಅದು ಮಣ್ಣಲ್ಲ, ತುಕ್ಕು. ಒಳಗಿನ ಸೂಜಿ ಬೇರಿಂಗುಗಳಲ್ಲಿ ಗ್ರೀಸ್ ಒಣಗಿ, ಉಕ್ಕು ಉಕ್ಕಿಗೇ ಉಜ್ಜಿ ಹೊರಬಂದ ಪುಡಿ. ಪ್ಲೇ ಇಲ್ಲ ಅನ್ನುವುದು ನಿಜವೇ, ಯಾಕೆಂದರೆ ಅದು ಹಿಡಿದುಕೊಂಡುಬಿಟ್ಟಿತ್ತು! ಸಡಿಲವಾದ ಕ್ರಾಸ್ 'ಟಣ್' ಅನ್ನುತ್ತದೆ, ಕೈಗೂ ಸಿಗುತ್ತದೆ. ಬಿಗಿಯಾದದ್ದು ಕೈಗೆ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಮಡಚಬೇಕಾದ ಕಡೆ ಸಲೀಸಾಗಿ ಮಡಚದೆ, ಶಾಫ್ಟನ್ನು ಪ್ರತಿ ಸುತ್ತಿನಲ್ಲೂ ಪಕ್ಕಕ್ಕೆ ಎಳೆಯುತ್ತದೆ. ಶಾಫ್ಟ್ ಬಿಚ್ಚಿ ಕೈಯಲ್ಲಿ ಮಡಚದೆ ಇದು ತಿಳಿಯುವುದು ಕಷ್ಟ.

ಬಿಚ್ಚುವ ಮೊದಲು ಎರಡು ಎಚ್ಚರ. ಒಂದು, ಗಾಡಿ ಸಮತಟ್ಟಾದ ಜಾಗದಲ್ಲಿರಬೇಕು, ಚಕ್ರಗಳಿಗೆ ಎರಡೂ ಕಡೆ ಅಡ್ಡ ಇಟ್ಟಿರಬೇಕು. ಗೇರಿನಲ್ಲಿ ನಿಲ್ಲಿಸಿದ್ದೇನಲ್ಲ ಅಂತ ಧೈರ್ಯ ಮಾಡಬೇಡಿ. ಶಾಫ್ಟ್ ಕಳಚಿದ ಕ್ಷಣ ಗೇರಿಗೂ ಹಿಂದಿನ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ಜಾಕ್ ಮೇಲೆ ನಂಬಿಕೆ ಇಟ್ಟು ಕೆಳಗೆ ಹೋಗಲೇಬಾರದು, ಸ್ಟ್ಯಾಂಡ್ ಬೇಕೇ ಬೇಕು. ಎರಡು, ಫ್ಲಾಂಜುಗಳು ಕೂಡುವ ಕಡೆ ಮತ್ತು ಶಾಫ್ಟ್ ಒಳಗೆ ಹೊರಗೆ ಜಾರುವ ಹಲ್ಲಿನ ಜಾಗದಲ್ಲಿ ಪೇಂಟ್‌ನಿಂದ ಗುರುತು ಹಾಕಬೇಕು. ಎರಡು ತುದಿಯ ಕ್ರಾಸುಗಳು ಒಂದಕ್ಕೊಂದು ಸರಿಯಾದ ಕೋನದಲ್ಲಿ ಕೂತಿರುತ್ತವೆ. ಜೋಡಿಸುವಾಗ ಒಂದು ಹಲ್ಲು ಆಚೀಚೆ ಆದರೂ, ಹಳೆ ನಡುಕ ಹೋಗಿ ಹೊಸ ನಡುಕ ಬರುತ್ತದೆ.

ಕಳಚಿ ಕೈಯಲ್ಲಿ ಆಡಿಸಿದೆ. ಹಿಂದಿನ ಕ್ರಾಸ್ ಬೆಣ್ಣೆಯಂತೆ ಆಡಿತು. ಮುಂದಿನದು ಒಂದು ದಿಕ್ಕಿಗೆ ಕಟಕ್ ಕಟಕ್ ಅಂತ ಮೆಟ್ಟಿಲಿಳಿದ ಹಾಗೆ. ಬಟ್ಟಲು ಜಾರದಂತೆ ಹಿಡಿಯುವ ಸರ್‌ಕ್ಲಿಪ್ ತೆಗೆದು, ವೈಸಿನಲ್ಲಿ ಸಾಕೆಟ್ ಇಟ್ಟು ಬಟ್ಟಲುಗಳನ್ನು ಒತ್ತಿ ತೆಗೆದಾಗ ಒಳಗಿನ ಸೂಜಿಗಳು ಅರ್ಧ ಪುಡಿಯಾಗಿದ್ದವು. ಹೊಸದು ಕೂರಿಸುವಾಗ ಒಂದು ಸೂಜಿ ಅಡ್ಡ ಬಿದ್ದು ಬಟ್ಟಲಿನ ತಳ ಸೇರಿತು. ಸರ್‌ಕ್ಲಿಪ್ ಏನು ಮಾಡಿದರೂ ಕೂರಲಿಲ್ಲ. ಮೊದಲ ಸಲ ಮಾಡುವವರು ಇಲ್ಲಿ ಸುತ್ತಿಗೆ ಎತ್ತಿಕೊಳ್ಳುತ್ತಾರೆ, ನಾನೂ ಎತ್ತಿದ್ದೆ. ಪುಣ್ಯಕ್ಕೆ ಹೊಡೆಯಲಿಲ್ಲ. ಬಟ್ಟಲು ಹೊರತೆಗೆದು, ಸೂಜಿಗಳನ್ನು ಗಟ್ಟಿ ಗ್ರೀಸಿನಲ್ಲಿ ಅಂಟಿಸಿ ಮತ್ತೆ ಒತ್ತಿದೆ. ಕ್ಲಿಪ್ ಸಲೀಸಾಗಿ ಕೂತಿತು. ಅವತ್ತು ಸಂಜೆ 90ರವರೆಗೆ ಹೋಗಿ ಬಂದೆ. ನೆಲ ಸುಮ್ಮನಿತ್ತು.

ನೋಟ್‌ಬುಕ್ ನಿಜವಾಗಿ ಕೆಲಸಕ್ಕೆ ಬಂದದ್ದು ಮುಂದಿನ ತೊಂದರೆಯಲ್ಲಿ. ಬೆಳಿಗ್ಗೆ ಮೊದಲ ಸ್ಟಾರ್ಟ್ ಆಗಲು 10-12 ಸೆಕೆಂಡ್ ಸೆಲ್ಫ್ ಹೊಡೆಯಬೇಕಾಗುತ್ತಿತ್ತು. ಒಮ್ಮೆ ಸ್ಟಾರ್ಟ್ ಆದರೆ ದಿನವಿಡೀ ತೊಂದರೆ ಇಲ್ಲ. ಡೀಸೆಲ್ ಗಾಡಿ, ಬೆಳಗಿನ ತೊಂದರೆ ಅಂದ ಕೂಡಲೇ ಹೀಟರ್ ಪ್ಲಗ್ (ತಣ್ಣಗಿನ ಇಂಜಿನ್ನನ್ನು ಸ್ಟಾರ್ಟಿಗೆ ಮೊದಲು ಒಳಗಿನಿಂದ ಬಿಸಿ ಮಾಡುವ ಕಡ್ಡಿ) ಅನ್ನುತ್ತಾರೆ. ಈ ಸಲ ನಾನು ಅಂಗಡಿಗೆ ಓಡಲಿಲ್ಲ. ಮಲ್ಟಿಮೀಟರ್ ತೆಗೆದುಕೊಂಡು ನಾಲ್ಕೂ ಪ್ಲಗ್ಗುಗಳ ವೈರ್ ಕಳಚಿ ಅಳೆದೆ. ನಾಲ್ಕೂ 1 ಓಮ್ ಆಸುಪಾಸು. ಸುಟ್ಟುಹೋಗಿದ್ದರೆ ಮೀಟರ್ ಏನೂ ತೋರಿಸುತ್ತಿರಲಿಲ್ಲ. ಕೀ ತಿರುಗಿಸಿದಾಗ ಪ್ಲಗ್ ತನಕ ಕರೆಂಟೂ ಬರುತ್ತಿತ್ತು. ಪ್ಲಗ್ಗುಗಳದ್ದೇನೂ ತಪ್ಪಿಲ್ಲ ಅಂತಾಯಿತು.

ಆಗ ನೋಟ್‌ಬುಕ್ ತಿರುವಿದೆ. ಎರಡು ವಿಷಯ ಕಣ್ಣಿಗೆ ಬಿತ್ತು. ಟ್ಯಾಂಕ್ ತುಂಬಿಸಿದ ಮರುದಿನ ಸ್ಟಾರ್ಟ್ ಬೇಗ ಆಗಿತ್ತು, ಡೀಸೆಲ್ ಕಡಿಮೆ ಇದ್ದ ದಿನ ತಡ. ಮೂತಿ ಮೇಲಾಗಿ ಇಳಿಜಾರಿನಲ್ಲಿ ನಿಲ್ಲಿಸಿದ ರಾತ್ರಿಯ ಮರುದಿನ ಎಲ್ಲಕ್ಕಿಂತ ಜಾಸ್ತಿ ತೊಂದರೆ. ಹೀಟರ್ ಪ್ಲಗ್ಗಿಗೆ ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇದೆ ಅಂತ ಹೇಗೆ ಗೊತ್ತಾಗುತ್ತದೆ? ಆಗಲ್ಲ ಅಲ್ವಾ! ಇದು ರಾತ್ರಿ ಡೀಸೆಲ್ ಹಿಂದಕ್ಕೆ ಟ್ಯಾಂಕಿಗೆ ಇಳಿದುಹೋಗುವ ಕಥೆ. ಮರುದಿನ ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲು ಫಿಲ್ಟರ್ ಮೇಲಿನ ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿದೆ. ಆಮೇಲೆ ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್.

ನನ್ನ ಗಾಡಿಯಲ್ಲಿ ಟ್ಯಾಂಕ್ ಒಳಗೆ ಪಂಪ್ ಇಲ್ಲ. ಇಂಜಿನ್ ಪಕ್ಕದ ಪಂಪೇ ಡೀಸೆಲನ್ನು ಅಷ್ಟು ದೂರದಿಂದ ಎಳೆದುಕೊಳ್ಳಬೇಕು. ಎಳೆಯುವ ಪೈಪಿನಲ್ಲಿ ಎಲ್ಲಾದರೂ ಕೂದಲೆಳೆಯಷ್ಟು ಸಂದಿ ಇದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಕೆಳಗೆ ಒಂದು ಹನಿಯೂ ಬಿದ್ದಿರಲಿಲ್ಲ. ಫಿಲ್ಟರ್ ಮತ್ತು ಪಂಪ್ ನಡುವೆ ಒಂದು ಗೇಣು ಪಾರದರ್ಶಕ ಪೈಪ್ ತಾತ್ಕಾಲಿಕವಾಗಿ ಸೇರಿಸಿ ಇಂಜಿನ್ ಓಡಿಸಿದೆ. ಗುಳ್ಳೆಗಳ ಸಾಲು. ಟ್ಯಾಂಕ್ ಮತ್ತು ಫಿಲ್ಟರ್ ನಡುವೆ ಹಾಕಿದಾಗ ಗುಳ್ಳೆ ಇಲ್ಲ. ಗಾಳಿ ನುಗ್ಗುವುದು ಫಿಲ್ಟರಿನಲ್ಲೇ ಅಂತಾಯಿತು. ಫಿಲ್ಟರ್ ತಳದಲ್ಲಿ ನೀರು ಬಿಡುವ ತಿರುಪಿಗೆ ಒಂದು ರಬ್ಬರ್ ಉಂಗುರ ಇರುತ್ತದೆ. ಅದು ಒಣಗಿ ಪ್ಲಾಸ್ಟಿಕ್ಕಿನಂತಾಗಿತ್ತು. ಕಿರುಬೆರಳಿಗಿಂತ ಚಿಕ್ಕ ಉಂಗುರ ಅದು. ಮೂರು ತಿಂಗಳಿಂದ ಬ್ಯಾಟರಿಯನ್ನೂ ಸೆಲ್ಫ್ ಮೋಟರನ್ನೂ ಗೋಳು ಹೊಯ್ದುಕೊಂಡಿತ್ತು.

ಈ ಪಾರದರ್ಶಕ ಪೈಪಿನ ಆಟ ಫಿಲ್ಟರ್ ಕಡೆಯ ಕಡಿಮೆ ಒತ್ತಡದ ಪೈಪಿನಲ್ಲಿ ಮಾತ್ರ. ಪಂಪಿನಿಂದ ಇಂಜೆಕ್ಟರಿಗೆ ಹೋಗುವ ಕಬ್ಬಿಣದ ಪೈಪುಗಳನ್ನು ಇಂಜಿನ್ ಓಡುವಾಗ ಸಡಿಲಿಸಬಾರದು, ಸೋರುತ್ತಿದೆಯೇ ಅಂತ ಬೆರಳಿಟ್ಟು ನೋಡಲೂಬಾರದು. ಕಾಮನ್ ರೈಲ್ ಇಂಜಿನ್ನಿನಲ್ಲಿ ಅಲ್ಲಿನ ಒತ್ತಡ 1,000 ಬಾರ್ ದಾಟುತ್ತದೆ. ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಇನ್ನೊಂದು ಚಿಕ್ಕದು. ಸೆಲ್ಫ್ ನಿಧಾನವಾಗಿ ಸುತ್ತುತ್ತಿತ್ತು. ಬ್ಯಾಟರಿ ಹೋಗಿದೆ ಅಂತ ಎಲ್ಲರೂ ಅಂದರು. ಮೀಟರಿನಲ್ಲಿ ನಿಂತಾಗ 12.6 ವೋಲ್ಟ್, ಸೆಲ್ಫ್ ಹೊಡೆಯುವಾಗ 10.4. ಬ್ಯಾಟರಿ ಚೆನ್ನಾಗಿಯೇ ಇತ್ತು. ಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ನೇರ ಇಂಜಿನ್ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಸಿದೆ. 0.9 ವೋಲ್ಟ್ ತೋರಿಸಿತು. ಅಲ್ಲಿ 0.2, 0.3ಕ್ಕಿಂತ ಜಾಸ್ತಿ ಇರಬಾರದು. ಅರ್ಥ್ ವೈರಿನ ಬೋಲ್ಟ್ ಬಿಚ್ಚಿ ಸ್ಯಾಂಡ್‌ಪೇಪರಿನಲ್ಲಿ ತಿಕ್ಕಿ ಬಿಗಿ ಮಾಡಿದೆ. ಅಷ್ಟೇ.

ಗಾಡಿಯ ಕಂಪ್ಯೂಟರಿನಿಂದ ತೊಂದರೆಯ ಕೋಡ್ ಓದುವ ಸ್ಕ್ಯಾನರ್ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಉಪಯೋಗದ ವಸ್ತುವೇ, ನನ್ನ ಹತ್ತಿರವೂ ಇದೆ. ಆದರೆ ಕೋಡ್ ಬಂದ ಕೂಡಲೇ ಅದನ್ನು ಬಿಡಿಭಾಗದ ಹೆಸರು ಅಂತ ಓದಿಬಿಡುತ್ತೇವೆ. ಒಮ್ಮೆ ನನಗೆ ಪಿ0299 ಬಂತು. ಟರ್ಬೊ (ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಭಾಗ) ಒತ್ತಡ ಬೇಕಾದಷ್ಟು ಏರುತ್ತಿಲ್ಲ ಅಂತ ಅದರ ಅರ್ಥ. ಟರ್ಬೊ ಕೆಟ್ಟಿದೆ ಅಂತ ಅಲ್ಲಿ ಎಲ್ಲೂ ಬರೆದಿಲ್ಲ. ಏರು ಹತ್ತುವಾಗ ಪಿಕಪ್ ಇಲ್ಲ, ಹಿಂದೆ ಕಪ್ಪು ಹೊಗೆ, ಆಕ್ಸಿಲರೇಟರ್ ಒತ್ತಿದರೆ ಸುಯ್ ಅನ್ನುವ ಶಬ್ದ. ಕಪ್ಪು ಹೊಗೆ ಅಂದರೆ ಡೀಸೆಲ್ಲಿಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ. ಎಳೆದುಕೊಂಡ ಗಾಳಿ ದಾರಿಯಲ್ಲಿ ಎಲ್ಲಿಗೆ ಹೋಗುತ್ತಿದೆ? ಟರ್ಬೊದಿಂದ ಬಂದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್‌ನ ಪೈಪಿನ ಕೆಳಗಡೆ, ಕೈ ಮಾತ್ರ ಹೋಗುವ ಜಾಗದಲ್ಲಿ, ಎಣ್ಣೆ ಅಂಟಿದ ಧೂಳು ದಪ್ಪಗೆ ಕೂತಿತ್ತು. ಒರೆಸಿದರೆ ಎರಡು ಇಂಚು ಉದ್ದದ ಬಿರುಕು. ಇಂಜಿನ್ ಐಡ್ಲಿಂಗಿನಲ್ಲಿದ್ದಾಗ ಅದು ಬಾಯಿ ಮುಚ್ಚಿಕೊಂಡಿರುತ್ತಿತ್ತು, ಒತ್ತಡ ಏರಿದಾಗ ಮಾತ್ರ ತೆರೆಯುತ್ತಿತ್ತು. ಗ್ಯಾರೇಜಿನಲ್ಲಿ ನಿಲ್ಲಿಸಿ ನೋಡಿದವರಿಗೆ ಕಾಣದೆ ಇದ್ದದ್ದು ಅದಕ್ಕೇ.

ಸೋತದ್ದೂ ಇದೆ. ಮುಂದಿನಿಂದ ಗುಂಯ್ ಅನ್ನುವ ಶಬ್ದ ಟೈರಿನದ್ದೇ ಅಂತ ಆರು ತಿಂಗಳು ನಂಬಿಕೊಂಡಿದ್ದೆ. ಎಡಕ್ಕೆ ಉದ್ದದ ತಿರುವು ತೆಗೆದುಕೊಂಡಾಗ ಶಬ್ದ ಜಾಸ್ತಿ, ಬಲಕ್ಕೆ ಹೋದಾಗ ಮಾಯ ಅಂತ ನೋಟ್‌ಬುಕ್ಕಿನಲ್ಲಿ ನನ್ನ ಅಕ್ಷರದಲ್ಲೇ ಇತ್ತು. ಎಡಕ್ಕೆ ತಿರುಗಿದಾಗ ಭಾರ ಬಲಗಡೆ ಬೀಳುತ್ತದೆ, ಹಾಗಾಗಿ ಬಲಗಡೆಯ ವೀಲ್ ಬೇರಿಂಗ್. ಬರೆದಿದ್ದೆ, ಓದಿರಲಿಲ್ಲ. ಬಿಚ್ಚುವ ಹೊತ್ತಿಗೆ ಬೇರಿಂಗ್ ಜೊತೆ ಹಬ್ ಕೂಡ ತಿಂದುಹೋಗಿತ್ತು.

ಸದ್ಯಕ್ಕೆ ಕೊನೆಯ ಪುಟದಲ್ಲಿ ಒಂದೇ ಸಾಲಿದೆ: 'ರಿವರ್ಸ್ ಹಾಕಿ ಕ್ಲಚ್ ಬಿಟ್ಟಾಗ ಹಿಂದಿನಿಂದ ಒಂದು ಟಕ್. ತಣ್ಣಗಿದ್ದಾಗ ಮಾತ್ರ.' ಕ್ರಾಸುಗಳನ್ನು ನೋಡಿಯಾಗಿದೆ, ಎರಡೂ ಚೆನ್ನಾಗಿವೆ. ಹಿಂದಿನ ಲೀಫ್ ಸ್ಪ್ರಿಂಗಿನ ಬುಷ್ ಮೇಲೆ ನನಗೆ ಅನುಮಾನ. ಭಾನುವಾರ ಹೆಂಡತಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಮುಂದಕ್ಕೂ ಹಿಂದಕ್ಕೂ ಒಂದೊಂದು ಅಡಿ ಆಡಿಸಲು ಹೇಳಿ, ಪಕ್ಕದಲ್ಲಿ ದೂರ ನಿಂತು ಸ್ಪ್ರಿಂಗಿನ ತುದಿಯನ್ನು ವಿಡಿಯೊ ಮಾಡಬೇಕು.