ಸೊನ್ನೆಯಲ್ಲೇ ಕೂತಿದ್ದ ಪ್ರೋಗ್ರೆಸ್ ಬಾರ್ ಕೊನೆಗೂ ಓಡಿತು

ಕೋಲಾರದ ಎಪಿಎಂಸಿ ಯಾರ್ಡಿನ ಒಂದು ಟೊಮೆಟೊ ಮಂಡಿಗೆ ಪಟ್ಟಿ (ರೈತರಿಗೆ ಕೊಡುವ ಮಾರಾಟದ ಬಿಲ್ಲು) ಹಾಕುವ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಬರೆದದ್ದು ಸಿ ಶಾರ್ಪ್ ಭಾಷೆಯಲ್ಲಿ, ಕಿಟಕಿ, ಬಟನ್ ಕಟ್ಟಲು ವಿನ್‌ಫಾರ್ಮ್ಸ್. 18 ಸಾವಿರಕ್ಕೆ ಮಾತು. ಅದರಲ್ಲಿ 7 ಸಾವಿರ ಬಾಕಿ ನಿಂತಿದ್ದು ಒಂದು ಹಸಿರು ಗೆರೆಯಿಂದ: ಕೆಲಸ ಎಷ್ಟಾಯಿತು ಅಂತ ತೋರಿಸುವ ಪ್ರೋಗ್ರೆಸ್ ಬಾರ್.

ವಾರದ ಲೆಕ್ಕಕ್ಕೆ ಸುಮಾರು ಮೂರು ಸಾವಿರ ಪಟ್ಟಿ. ಬಟನ್ ಒತ್ತಿದರೆ ಬಾರ್ ಸೊನ್ನೆಯಲ್ಲೇ ಕೂತಿರುತ್ತಿತ್ತು. ನಾಲ್ಕು ನಿಮಿಷ ಆದ ಮೇಲೆ ಒಂದೇ ಸಲ ನೂರು. ಅಷ್ಟರಲ್ಲಿ ಗುಮಾಸ್ತರು ಕಂಪ್ಯೂಟರ್ ಆಫ್ ಮಾಡಿರುತ್ತಿದ್ದರು. "ನಿನ್ ಗೆರೆ ನಿಂತೋಗೈತಲ್ಲಪ್ಪ" ಅಂತ ಸಾಹುಕಾರರ ಫೋನು. ಬಾರ್ ಕಿತ್ತು ಹಾಕು, 'ಕಾಯಿರಿ' ಅಂತ ಬರೆದರೆ ಸಾಕು ಅಂದ ಗೆಳೆಯ. ನಾನು ಒಪ್ಪಲಿಲ್ಲ.

ಮೊದಲ ತಪ್ಪು ನಾಚಿಕೆಗೇಡಿನದು. ಆದ ಪಟ್ಟಿಯನ್ನು ಒಟ್ಟು ಪಟ್ಟಿಯಿಂದ ಭಾಗಿಸಿ ಆಮೇಲೆ ನೂರರಿಂದ ಗುಣಿಸಿದ್ದೆ. ಎರಡೂ ಇಂಟ್, ಅಂದರೆ ದಶಾಂಶ ಉಳಿಸದ ಪೂರ್ಣಾಂಕ. ಕೊನೆಯ ಪಟ್ಟಿಯವರೆಗೂ ಸೊನ್ನೆಯೇ ಅಲ್ವಾ! ಮೊದಲು ಗುಣಿಸಿದೆ. ಬಾರ್ ಸ್ವಲ್ಪ ಓಡಿ ಮತ್ತೆ ನಿಂತಿತು, ಮೇಲೆ 'ನಾಟ್ ರೆಸ್ಪಾಂಡಿಂಗ್'. ಐದು ಸೆಕೆಂಡ್ ಓಗೊಡದ ಕಿಟಕಿ ವಿಂಡೋಸ್ ಲೆಕ್ಕದಲ್ಲಿ ಸತ್ತಂತೆ.

ಸುಲಭ ಅಂತ, ಪಟ್ಟಿಗಳನ್ನು ಒಂದೊಂದಾಗಿ ಮಾಡುವ ಲೂಪಿನೊಳಗೆ ಡೂಇವೆಂಟ್ಸ್ (ಲೆಕ್ಕದ ಮಧ್ಯೆ ಕಿಟಕಿಗೂ ಬಿಡುವು ಕೊಡುವ ಆದೇಶ) ತುರುಕಿದೆ. ಬಾರ್ ಚೆನ್ನಾಗಿ ಓಡಿತು. ಆದರೆ ಬಟನ್ನಿಗೂ ಜೀವ ಬಂತು, ಗುಮಾಸ್ತರು ಇನ್ನೊಂದು ಸಲ ಒತ್ತಿದರು. ಮುಳಬಾಗಿಲಿನ ರೈತರೊಬ್ಬರ 40 ಬಾಕ್ಸ್ 80 ಆಯಿತು. ಹದಿನೈದು ಕೆಜಿ ಬಾಕ್ಸು, ಸುಮ್ನೆ ಮಾತಲ್ಲ. ದುಡ್ಡು ಕೊಡುವ ಮೊದಲೇ ಸಿಕ್ಕಿತು, ಪುಣ್ಯ. ಹಾಳಾದ ಪೇಪರಿಗೆ ಅಂತ ನನ್ನ ಬಾಕಿಯಲ್ಲಿ 600 ಮುರಿದರು.

ಆಮೇಲೆ ಬ್ಯಾಕ್‌ಗ್ರೌಂಡ್‌ವರ್ಕರ್‌ಗೆ ಬಂದೆ: ಲೆಕ್ಕ ಹಿಂದೆ ಬೇರೆಯಾಗಿ ನಡೆಯುತ್ತದೆ, ಕಿಟಕಿ ಬಿಡುವಾಗಿರುತ್ತದೆ. ಆದರೆ ಪ್ರತಿ ಸಾಲಿಗೂ ಬಾರಿಗೆ ಸುದ್ದಿ ಮುಟ್ಟಿಸುವ ರಿಪೋರ್ಟ್‌ಪ್ರೋಗ್ರೆಸ್ ಕರೆದು ಮತ್ತೆ ಕಿಟಕಿ ಕಟ್ಟಿಹಾಕಿದೆ. ಶೇಕಡಾ ಬದಲಾದಾಗ ಮಾತ್ರ ಕರೆದೆ. ಲೆಕ್ಕಕ್ಕೆ ನೂರು ಸಲ. ಅಲ್ಲಿಗೆ ಸರಿಹೋಯಿತು. ಬಟನ್ನನ್ನೂ ಕೆಲಸ ಮುಗಿಯುವವರೆಗೆ ಮುಚ್ಚಿಟ್ಟೆ.

ಮಧ್ಯೆ ಒಂದು ಹುಚ್ಚು: ಎಷ್ಟು ಹೊತ್ತು ಉಳಿದಿದೆ ಅಂತ ತೋರಿಸಿದೆ. ಒಬ್ಬರ ಪಟ್ಟಿಯಲ್ಲಿ ಒಂದು ಸಾಲು, ಇನ್ನೊಬ್ಬರದರಲ್ಲಿ ಮೂವತ್ತು. ಎರಡು ನಿಮಿಷ ಅಂದದ್ದು ಐದಾಗುತ್ತಿತ್ತು. ತೆಗೆದು, ರೈತರ ಹೆಸರು, ಊರು ಹಾಕಿದೆ. ಈಗ ಬಾರ್ ಯಾರೂ ನೋಡಲ್ಲ, ಹೆಸರೇ ನೋಡುತ್ತಾರೆ!

ಕೊನೆಯ ಕಾಟ: 'ಮುಗಿಯಿತು' ಅನ್ನೋ ಡಬ್ಬಿ ಬಂದರೂ ಬಾರ್ ಎಂಬತ್ತರ ಹತ್ತಿರ ತೆವಳುತ್ತಿತ್ತು. ವಿಂಡೋಸ್ ವಿಸ್ತಾದಿಂದ ಈಚೆಗೆ ಬಾರ್ ಮೆಲ್ಲಗೆ ಜಾರುತ್ತಾ ಏರುತ್ತದೆ, ಇಳಿಯುವಾಗ ಮಾತ್ರ ತಕ್ಷಣ. ಹಾಗಾಗಿ ಬೇಕಾದ್ದಕ್ಕಿಂತ ಒಂದು ಜಾಸ್ತಿ ಏರಿಸಿ, ಒಂದು ಇಳಿಸಿದೆ. ನೂರಕ್ಕೆ ಬಂದಾಗ ಏರಿಸಲು ಜಾಗ ಇಲ್ಲ, ಅಲ್ಲಿ ಬೇರೆ ಕೈಚಳಕ ಬೇಕು. ಅದು ನನ್ನ ಹತ್ತಿರವೇ ಇರಲಿ.

ಸಾಹುಕಾರರು 6,400 ಎಣಿಸಿ ಕೊಟ್ಟರು. ಪಕ್ಕದ ಮಂಡಿಯವರೂ ಕೇಳಿದ್ದಾರೆ. 25 ಸಾವಿರ ಅಂದಿದ್ದೇನೆ.