2023ರ ಅಕ್ಟೋಬರ್ ಸೀಸನ್: ಯಾವ ಅನಿಮೆ ಹಿಡಿದೆ, ಯಾವುದು ಬಿಟ್ಟೆ

ಜಪಾನಿನ ಟಿವಿಯಲ್ಲಿ ವರ್ಷಕ್ಕೆ ನಾಲ್ಕು ಸಲ ಅನಿಮೆ, ಅಂದರೆ ಅಲ್ಲಿನ ಆನಿಮೇಷನ್ ಸರಣಿಗಳ ಪಟ್ಟಿ ಹೊಸದಾಗುತ್ತದೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ಒಂದೊಂದು ಸಲವೂ ಹತ್ತಾರು ಸರಣಿಗಳು ಒಟ್ಟಿಗೆ ಶುರುವಾಗುತ್ತವೆ. ಹೆಚ್ಚಿನವು ಹನ್ನೆರಡು ಹದಿಮೂರು ವಾರ ಓಡುತ್ತವೆ. ಎಲ್ಲವನ್ನೂ ನೋಡಲು ಕೂತರೆ ಕೆಲಸ ಬಿಡಬೇಕಾಗುತ್ತದೆ. ಹಾಗಾಗಿ ನನ್ನದೇ ಒಂದು ಕ್ರಮ ಇಟ್ಟುಕೊಂಡಿದ್ದೇನೆ. 2023ರ ಅಕ್ಟೋಬರ್ ಸೀಸನ್‌ನಲ್ಲಿ ಆ ಕ್ರಮವೇ ಸ್ವಲ್ಪ ಬದಲಾಯಿತು.

ಮೊದಲಿನಿಂದಲೂ ಮಾಡುವುದು ಇಷ್ಟು. ಟ್ರೈಲರ್ ನೋಡುವುದಿಲ್ಲ. ನಿರ್ದೇಶಕರು ಯಾರು, ಸ್ಟುಡಿಯೊ ಯಾವುದು ಅಂತ ಮಾತ್ರ ತಿಳಿದುಕೊಳ್ಳುತ್ತೇನೆ. ಹೆಡ್‌ಫೋನ್ ಹಾಕಿ ನೋಡುತ್ತೇನೆ, ಯಾಕೆಂದರೆ ಸಬ್‌ಟೈಟಲ್ ಓದುವ ಭರದಲ್ಲಿ ದನಿ ಕಿವಿಗೇ ಬೀಳುವುದಿಲ್ಲ. ಅದೇ ರಾತ್ರಿ, ಬೇರೆ ಯಾರ ಅಭಿಪ್ರಾಯವನ್ನೂ ಓದುವ ಮುಂಚೆ, ನೋಟ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆಯುತ್ತೇನೆ. ಮೂರು ಎಪಿಸೋಡ್ ಆದಮೇಲೆ ತೀರ್ಮಾನ.

ಈ ಮೂರರ ಲೆಕ್ಕ ನನ್ನದಲ್ಲ, ಅನಿಮೆ ನೋಡುವವರಲ್ಲೆಲ್ಲ ಇದೆ. 2011ರ 'ಮಾದೋಕಾ ಮ್ಯಾಜಿಕಾ' ಮುದ್ದು ಹುಡುಗಿಯರ ಕತೆಯಂತೆ ಶುರುವಾಗಿ, ಮೂರನೇ ಎಪಿಸೋಡ್‌ನಲ್ಲಿ ನಿಜವಾದ ಮುಖ ತೋರಿಸಿತಲ್ಲ, ಆಮೇಲೆ ಅದು ಇನ್ನೂ ಗಟ್ಟಿಯಾಯಿತು.

ಆದರೆ 2023ರಲ್ಲಿ ತಯಾರಕರೇ ಆ ಲೆಕ್ಕವನ್ನು ಕೈಗೆ ತೆಗೆದುಕೊಂಡರು. ಏಪ್ರಿಲ್‌ನಲ್ಲಿ 'ಓಶಿ ನೊ ಕೊ' ಮೊದಲ ಎಪಿಸೋಡನ್ನೇ 90 ನಿಮಿಷ ಮಾಡಿತ್ತು. ಸೆಪ್ಟೆಂಬರ್ 29ರಂದು ನಿಪ್ಪಾನ್ ಟಿವಿ, ಶುಕ್ರವಾರ ರಾತ್ರಿ ಸಿನಿಮಾ ಹಾಕುವ ಜಾಗದಲ್ಲಿ 'ಫ್ರೀರೆನ್'ನ ನಾಲ್ಕು ಎಪಿಸೋಡ್‌ಗಳನ್ನು ಒಟ್ಟಿಗೆ, ಎರಡು ಗಂಟೆಯ ಕಾರ್ಯಕ್ರಮವಾಗಿ ತೋರಿಸಿತು. ಅಕ್ಟೋಬರ್‌ನಲ್ಲಿ 'ಅಪಾಥೆಕರಿ ಡೈರೀಸ್' ಮೂರು ಎಪಿಸೋಡ್ ಒಂದೇ ಏಟಿಗೆ ಬಿಟ್ಟಿತು. ಮಾಮೂಲಿ ಎಪಿಸೋಡಿನ ಇಪ್ಪತ್ನಾಲ್ಕು ನಿಮಿಷದಲ್ಲಿ ನಮ್ಮ ಕತೆ ನಿಮಗೆ ತಿಳಿಯುವುದಿಲ್ಲ ಅಂತ ಅವರೇ ಹೇಳಿದ ಹಾಗಾಯಿತು, ಅಲ್ವಾ?

ಫ್ರೀರೆನ್ ಬೇರೆಯವರ ಕತೆ ಮುಗಿಯುವ ಕಡೆ ಶುರುವಾಗುತ್ತದೆ. ರಾಕ್ಷಸರ ರಾಜನನ್ನು ಸೋಲಿಸಿ ನಾಲ್ವರು ಊರಿಗೆ ವಾಪಸ್ ಬರುತ್ತಾರೆ. ಹತ್ತು ವರ್ಷದ ಪಯಣ ಮುಗಿದಿದೆ. ಫ್ರೀರೆನ್ ಸಾವಿರ ವರ್ಷಕ್ಕೂ ಜಾಸ್ತಿ ಬದುಕಿರುವ ಎಲ್ಫ್ ಮಾಂತ್ರಿಕಳು, ಅವಳಿಗೆ ಹತ್ತು ವರ್ಷ ಏನೇನೂ ಅಲ್ಲ. ಐವತ್ತು ವರ್ಷಕ್ಕೊಮ್ಮೆ ಬರುವ ಉಲ್ಕೆಗಳ ಮಳೆಯನ್ನು ಮತ್ತೆ ಒಟ್ಟಿಗೆ ನೋಡೋಣ ಅಂತ ಮಾತಾಗುತ್ತದೆ. ಅವಳು ಹೊರಟುಹೋಗುತ್ತಾಳೆ. ಐವತ್ತು ವರ್ಷ ಬಿಟ್ಟು ಬಂದಾಗ ಆ ನಾಲ್ವರಲ್ಲೊಬ್ಬನಾದ ವೀರ ಹಿಮ್ಮೆಲ್ ಬೋಳುತಲೆಯ, ಕುಗ್ಗಿದ ಮುದುಕ. ಅವಳು ಮಾತ್ರ ಹಾಗೇ ಇದ್ದಾಳೆ. ಸ್ವಲ್ಪ ದಿನಕ್ಕೆ ಅವನು ಸಾಯುತ್ತಾನೆ. ಈ ಮನುಷ್ಯನನ್ನು ಯಾಕೆ ಇನ್ನಷ್ಟು ತಿಳಿದುಕೊಳ್ಳಲಿಲ್ಲ ಅಂತ ಅವಳು ಅಳುವುದು ಆಗಲೇ, ಮಣ್ಣು ಕೊಡುವ ಹೊತ್ತಿಗೆ.

ಪಕ್ಕದಲ್ಲಿ ಕೂತಿದ್ದ ತಂಗಿ, "ಅಕ್ಕ, ಫೈಟ್ ಯಾವಾಗ ಬರುತ್ತೆ?" ಅಂದಳು. "ಸುಮ್ನೆ ನೋಡೇ" ಅಂದೆ. ಆಮೇಲೆ ಅವಳು ಮತ್ತೆ ಕೇಳಲಿಲ್ಲ.

ನನಗೆ ಹಿಡಿಸಿದ್ದು ಆ ಐವತ್ತು ವರ್ಷವನ್ನು ದಾಟಿಸಿದ ರೀತಿ. ಅದಕ್ಕೆಂದು ದುಃಖದ ಸಂಗೀತ ಹಾಕಿ ಎಳೆಯುವುದಿಲ್ಲ. ಫ್ರೀರೆನ್‌ಗೆ ಹೇಗೆ ಸಲೀಸಾಗಿ ಕಳೆಯಿತೋ ನಮಗೂ ಹಾಗೇ ಕಳೆದುಬಿಡುತ್ತದೆ. ಹಿಮ್ಮೆಲ್‌ನ ಮುಖ ನೋಡಿದಾಗಲೇ ಗೊತ್ತಾಗುವುದು ಎಷ್ಟು ಹೊತ್ತಾಯಿತು ಅಂತ. ನಿರ್ದೇಶಕ ಕೇಯಿಚಿರೊ ಸೈತೊ ಇದಕ್ಕೂ ಮುಂಚೆ 'ಬೊಚ್ಚಿ ದ ರಾಕ್' ಮಾಡಿದವರು. ಆ ಗಲಾಟೆಯ ಕಾಮಿಡಿ ಮಾಡಿದ ಕೈಯೇ ಇಷ್ಟು ನಿಧಾನಕ್ಕೆ ಕತೆ ಹೇಳುತ್ತದೆ ಅಂತ ನಾನು ಎಣಿಸಿರಲಿಲ್ಲ.

ಇನ್ನೊಂದು ಮಾತು. ಈ ಪಯಣ ಎಲ್ಲಿಗೆ ಅನ್ನುವುದು ಗೊತ್ತಾಗುವುದು ನಾಲ್ಕನೇ ಎಪಿಸೋಡ್‌ನಲ್ಲಿ. ಉತ್ತರದ ತುದಿಯಲ್ಲಿ, ಸತ್ತವರ ಆತ್ಮಗಳು ಇರುವ ಜಾಗದಲ್ಲಿ ಹಿಮ್ಮೆಲ್ ಜೊತೆ ಮಾತಾಡಬೇಕು. ಅಲ್ಲಿಯವರೆಗೆ ನೋಡಿದ್ದೆಲ್ಲ ಬರೀ ಪೀಠಿಕೆ. ಮೂರಕ್ಕೇ ನಿಲ್ಲಿಸಿದ್ದರೆ ಗುರಿಯೇ ತಿಳಿಯದೆ ಅಂಕ ಕೊಟ್ಟ ಹಾಗಾಗುತ್ತಿತ್ತು. ಅಂದಿನಿಂದ ಎಪಿಸೋಡ್ ಎಣಿಸುವುದು ಬಿಟ್ಟೆ. ಕತೆ ತಾನು ಎಲ್ಲಿಗೆ ಹೊರಟಿದ್ದೇನೆ ಅಂತ ಹೇಳುವವರೆಗೆ ನೋಡುತ್ತೇನೆ. ಆ ಜಾಗ ಮೊದಲ ಹತ್ತು ನಿಮಿಷದಲ್ಲೇ ಸಿಗಬಹುದು, ಐದನೇ ವಾರದಲ್ಲೂ ಸಿಗಬಹುದು.

ಅಪಾಥೆಕರಿಯಲ್ಲಿ ಆ ಜಾಗ ಬೇಗ ಸಿಕ್ಕಿತು. ಚೀನಾದಂಥ ಒಂದು ಸಾಮ್ರಾಜ್ಯ. ಔಷಧಿ ಬಲ್ಲ ಮಾವೊಮಾವೊ ಎಂಬ ಹುಡುಗಿಯನ್ನು ಕದ್ದೊಯ್ದು ರಾಣಿವಾಸಕ್ಕೆ ಕೆಲಸದವಳಾಗಿ ಮಾರಿರುತ್ತಾರೆ. ಅಲ್ಲಿ ಚಕ್ರವರ್ತಿಯ ಮಕ್ಕಳು ಒಂದೊಂದಾಗಿ ಸಾಯುತ್ತಿವೆ. ಎಲ್ಲರೂ ಶಾಪ ಅನ್ನುತ್ತಾರೆ. ಮುಖಕ್ಕೆ ಹಚ್ಚುವ ಬಿಳಿ ಪೌಡರ್‌ನಲ್ಲಿ ವಿಷ ಇದೆ ಅಂತ ಇವಳಿಗೆ ಗೊತ್ತಾಗುತ್ತದೆ. ಹೆಸರು ಹಾಕದೆ ಬಟ್ಟೆಯ ತುಂಡಿನಲ್ಲಿ ಎಚ್ಚರಿಕೆ ಬರೆದು, ಹೂವಿನ ಕೊಂಬೆಗೆ ಕಟ್ಟಿ ಕಿಟಕಿಯಲ್ಲಿಡುತ್ತಾಳೆ. ಒಬ್ಬ ತಾಯಿ ಮಾತು ಕೇಳುತ್ತಾಳೆ, ಮಗು ಉಳಿಯುತ್ತದೆ. ಇನ್ನೊಬ್ಬಳ ಮಗು ಉಳಿಯುವುದಿಲ್ಲ. ಇದರಿಂದಲೇ ರಾಣಿವಾಸ ನೋಡಿಕೊಳ್ಳುವ ಅಧಿಕಾರಿ ಜಿನ್‌ಶಿಯ ಕಣ್ಣಿಗೆ ಬಿದ್ದು, ರಾಣಿಯ ಊಟದ ವಿಷ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರುತ್ತಾಳೆ.

ಮೂರನೇ ಎಪಿಸೋಡ್ ನನಗೆ ಎಲ್ಲಕ್ಕಿಂತ ಇಷ್ಟ. ರಾತ್ರಿ ಗೋಡೆಯ ಮೇಲೆ ನಿದ್ದೆಯಲ್ಲಿ ಕುಣಿಯುವ ಹೆಣ್ಣಿನ ಪ್ರಕರಣ. ಮಾವೊಮಾವೊಗೆ ಸತ್ಯ ಹೊಳೆದಿದ್ದರೂ ಜಿನ್‌ಶಿಗೆ ಪೂರ್ತಿ ಹೇಳುವುದಿಲ್ಲ. ಬರೀ ಒಗಟು ಬಿಡಿಸುವ ಜಾಣೆಯ ಕತೆಯಲ್ಲ ಇದು, ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು ಅಂತ ಬಲ್ಲವಳ ಕತೆ. ಮೂರನ್ನೂ ಒಟ್ಟಿಗೆ ಬಿಟ್ಟಿದ್ದು ಸರಿಯಾಗಿಯೇ ಇತ್ತು. ಮಾವೊಮಾವೊಗೆ ದನಿ ಕೊಟ್ಟ ಅವೋಯಿ ಯೂಕಿಯ ದನಿಯಲ್ಲಿ ವಿಷ ಕಂಡಾಗ ಬರುವ ಖುಷಿ ಕೇಳಲಿಕ್ಕೆ ಹೆಡ್‌ಫೋನ್ ಬೇಕೇ ಬೇಕು.

ದನಿಯ ಮಾತು ಬಂತಲ್ಲ. ಅಕ್ಟೋಬರ್ 7ಕ್ಕೆ 'ಸ್ಪೈ ಫ್ಯಾಮಿಲಿ' ಎರಡನೇ ಸೀಸನ್ ಶುರುವಾಯಿತು. ಪುಟಾಣಿ ಆನ್ಯಾಗೆ ದನಿ ಕೊಡುವವರು ಅತ್ಸುಮಿ ತಾನೆಝಾಕಿ. ಫ್ರೀರೆನ್‌ಗೂ ಅವರೇ! ಒಂದು ಕಡೆ ಮಾತೇ ಏರಿಳಿಯದ ಎಲ್ಫ್, ಇನ್ನೊಂದು ಕಡೆ ಶಬ್ದಗಳನ್ನು ಮುರಿದು ಆಡುವ ಮಗು. ಹೆಸರು ಓದಿರದಿದ್ದರೆ ನಾನಂತೂ ನಂಬುತ್ತಿರಲಿಲ್ಲ. ಸರಣಿಯ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ. ಗುಟ್ಟಾಗಿ ಕೊಲೆಗಾರ್ತಿಯಾಗಿರುವ ಆನ್ಯಾಳ ಸಾಕುತಾಯಿ ಯೋರ್ ಗುಂಡೇಟು ಬಿದ್ದ ಜಾಗ ಮುಚ್ಚಿಟ್ಟುಕೊಂಡು ಗಂಡನ ಜೊತೆ ಡೇಟ್‌ಗೆ ಹೋಗುತ್ತಾಳೆ, ಕೂರಲೂ ಆಗುವುದಿಲ್ಲ, ನಾವು ನಗುತ್ತೇವೆ.

'ಅನ್‌ಡೆಡ್ ಅನ್‌ಲಕ್' ಬಿಟ್ಟೆ. ಮುಟ್ಟಿದವರಿಗೆ ಕೆಟ್ಟ ಗಳಿಗೆ ತರುವ ಹುಡುಗಿ, ಸಾಯಲಾಗದ ಗಂಡಸು, ಐಡಿಯಾ ಬಹಳ ಚೆನ್ನಾಗಿದೆ. ಆದರೆ ಅವಳಿಗೆ ಇಷ್ಟ ಇಲ್ಲದಿದ್ದರೂ ಮುಟ್ಟುವುದನ್ನೇ ಜೋಕ್ ಮಾಡಿದ್ದು ನನಗೆ ಸಹಿಸಲಾಗಲಿಲ್ಲ. ಇದು ಎಲ್ಲಿಗೆ ಹೊರಟಿದೆ ಅಂತ ಕಾಯುವ ತಾಳ್ಮೆಯೂ ಉಳಿಯಲಿಲ್ಲ. 'ಶಾಂಗ್ರಿಲಾ ಫ್ರಂಟಿಯರ್' ಗೇಮ್ ಆಡುವವರಿಗೆ ಹಬ್ಬ, ನನಗೆ ಊಟದ ಹೊತ್ತಿಗೆ ಸಾಕು.

'ಪ್ಲೂಟೊ' ಈ ಲೆಕ್ಕಕ್ಕೇ ಸಿಗುವುದಿಲ್ಲ. ಅಕ್ಟೋಬರ್ 26ಕ್ಕೆ ಎಂಟೂ ಎಪಿಸೋಡ್ ನೆಟ್‌ಫ್ಲಿಕ್ಸ್‌ಗೆ ಬಂದವು, ಒಂದೊಂದೂ ಸುಮಾರು ಒಂದು ಗಂಟೆ. ತೆಜುಕಾ ಅವರ 'ಆಸ್ಟ್ರೊ ಬಾಯ್'ನ ಒಂದು ಭಾಗವನ್ನು ನಾವೊಕಿ ಉರಾಸಾವಾ ದೊಡ್ಡವರಿಗಾಗಿ ಮತ್ತೆ ಬರೆದ ಮಾಂಗಾ (ಜಪಾನಿ ಕಾಮಿಕ್) ಇದರ ಮೂಲ. ಮೊದಲ ಗಂಟೆಯಲ್ಲೇ, ಯುದ್ಧಕ್ಕೆ ಹೋಗಿಬಂದ ರೋಬೋಟ್ ಒಂದು ಕುರುಡ ಸಂಗೀತಗಾರನ ಮನೆಗೆ ಕೆಲಸಕ್ಕೆ ಸೇರಿ, ಪಿಯಾನೊ ಕಲಿಯಬೇಕು ಅನ್ನುತ್ತದೆ. ಅದೊಂದನ್ನೇ ಬಿಡಿಸಿ ತೆಗೆದರೂ ಪೂರ್ತಿ ಸಿನಿಮಾ ಆದೀತು. ಅದು ಮುಗಿದ ಮೇಲೆ ಮುಂದಿನ ಎಪಿಸೋಡ್ ತಾನಾಗಿ ಶುರುವಾಗದ ಹಾಗೆ ಆಟೊಪ್ಲೇ ಆಫ್ ಮಾಡಿದೆ. ವಾರಕ್ಕೊಂದರಂತೆಯೇ ನೋಡಿದೆ.

ಉಳಿದ ವಾರಗಳಿಗೆ ವೇಳಾಪಟ್ಟಿ ತಾನಾಗಿ ಕೂತಿತು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಫ್ರೀರೆನ್ ಬರುವಾಗ ಇಲ್ಲಿ ಏಳೂವರೆ. ಆ ಹೊತ್ತಿಗೆ ಫೋನ್ ಮಾಡಬೇಡಿ ಅಂತ ಮನೆಯವರಿಗೆಲ್ಲ ಮಾರ್ಚ್‌ವರೆಗೆ ಹೇಳಿಟ್ಟಿದ್ದೆ.