ಸುದ್ದಿ ಒಂದು ಕಡೆ, ಪುಸ್ತಕ ಇನ್ನೊಂದು ಕಡೆ: ಕಲಬುರಗಿಯಲ್ಲಿ ಕಾದಂಬರಿ ಮಾರಿದ ನನ್ನ ಅನುಭವ

ನನ್ನ ಪುಸ್ತಕ ಕೊಂಡವರನ್ನು ನಾನು ತಪ್ಪದೆ ಒಂದು ಮಾತು ಕೇಳುತ್ತೇನೆ. "ಇದರ ಸುದ್ದಿ ನಿಮಗೆ ಎಲ್ಲಿ ಗೊತ್ತಾಯ್ತು?" ಮೊದಲ ಕಾದಂಬರಿ ಬಂದಾಗಿನಿಂದ ಇದು ನನ್ನ ರೂಢಿ. ಹೆಸರು, ಊರು, ಯಾರು ಹೇಳಿದರು, ಎಲ್ಲಿ ತಗೊಂಡರು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಈ ಕಡೆ ಹೊಸದಾಗಿ ಬರೆಯುವ ಹುಡುಗ ಹುಡುಗಿಯರು "ಅಕ್ಕಾರ, ಪುಸ್ತಕ ಮಾಡಿಸೀವ್ರಿ, ಮಂದಿಗೆ ಮುಟ್ಟಸಾದು ಹ್ಯಾಂಗ್ರಿ?" ಎಂದು ಕೇಳುತ್ತಲೇ ಇರುತ್ತಾರೆ. ಆ ನೋಟ್‌ಬುಕ್ಕಿನಿಂದ ನಾನು ಕಲಿತದ್ದನ್ನು ಅವರಿಗಾಗಿ ಬರೆಯುತ್ತಿದ್ದೇನೆ.

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಗಳಲ್ಲಿ ಪುಸ್ತಕದ ಸುದ್ದಿ ತಿಳಿಯುವ ಜಾಗವೇ ಬೇರೆ, ಪುಸ್ತಕ ಸಿಗುವ ಜಾಗವೇ ಬೇರೆ. ಇವೆರಡೂ ದೂರವಾದಷ್ಟು ಓದುಗರು ಕೈಬಿಟ್ಟು ಹೋಗುತ್ತಾರೆ. ಅಫಜಲಪುರದ ಒಬ್ಬ ಮೇಷ್ಟ್ರು ರವಿವಾರದ ಪುರವಣಿಯಲ್ಲಿ ವಿಮರ್ಶೆ ಓದುತ್ತಾರೆ ಅಂತಿಟ್ಟುಕೊಳ್ಳಿ. ಓದಬೇಕು ಅನ್ನಿಸುತ್ತದೆ. ಆದರೆ ಊರಿನ ಬುಕ್ ಸ್ಟಾಲಿನಲ್ಲಿ ಸಿಗುವುದು ಪೆನ್ನು, ನೋಟ್‌ಬುಕ್ಕು, ಗೈಡು. ಕಲಬುರಗಿಗೆ ಹೋದಾಗ ತಗೊಂಡರಾಯ್ತು ಎಂದುಕೊಳ್ಳುತ್ತಾರೆ. ಕಲಬುರಗಿಗೆ ಬರುವುದು ಆಸ್ಪತ್ರೆ ಕೆಲಸಕ್ಕೋ ಆಫೀಸಿನ ಕೆಲಸಕ್ಕೋ, ಆ ಕೆಲಸ ಮುಗಿಯುವಷ್ಟರಲ್ಲಿ ಕೊನೆಯ ಬಸ್ಸಿನ ಹೊತ್ತಾಗಿರುತ್ತದೆ, ಪುಸ್ತಕದ ಹೆಸರು ಎಂದೋ ಮರೆತುಹೋಗಿರುತ್ತದೆ. ಇಂಥವರನ್ನು "ಓದುಗರಲ್ಲ" ಅನ್ನಲು ಆಗುತ್ತದಾ? ಪುರವಣಿಯಲ್ಲಿ ವಿಮರ್ಶೆ ಬಂದಾಗ ನನಗೆ ಬೆಂಗಳೂರು, ಮೈಸೂರು, ಧಾರವಾಡದಿಂದ ಜಾಸ್ತಿ ಫೋನ್ ಬಂದವು. ಸುತ್ತಲಿನ ತಾಲೂಕುಗಳಿಂದ ಕಡಿಮೆ. ಕಾರಣ ಇಷ್ಟೇ: ಆ ನಗರಗಳವರಿಗೆ ಅದೇ ಸಂಜೆ ಹೋಗಿ ಕೊಳ್ಳುವ ಅಂಗಡಿ ಇದೆ.

ಕಲಬುರಗಿ ನಗರದಲ್ಲಿ ಪುಸ್ತಕದಂಗಡಿಗಳಿಗೆ ಕೊರತೆ ಇಲ್ಲ. ಸರಸ್ವತಿ ಗೋದಾಮಿನ ಸಿದ್ಧಲಿಂಗೇಶ್ವರ ಪ್ರಕಾಶನ ಈ ಭಾಗದ ಎಷ್ಟೋ ಬರಹಗಾರರ ಪುಸ್ತಕ ಹೊರತಂದಿದೆ. ಆದರೆ ಹೆಚ್ಚಿನ ಅಂಗಡಿಗಳ ಎದುರಿನ ರ‍್ಯಾಕ್ ತುಂಬಾ ಇರುವುದು ಪಿಡಿಒ, ಪಿಎಸ್‌ಐ, ಎಫ್‌ಡಿಎ, ಟಿಇಟಿ ಅಂತ ಸರ್ಕಾರಿ ನೌಕರಿಯ ಪರೀಕ್ಷೆಗಳ ಪುಸ್ತಕಗಳೇ. 2013ರಲ್ಲಿ ಈ ಭಾಗದವರಿಗೆ ನೌಕರಿ, ಶಿಕ್ಷಣದಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದಮೇಲೆ ಇಲ್ಲಿನ ಹುಡುಗರಿಗೆ ಸರ್ಕಾರಿ ನೌಕರಿಯ ಆಸೆ ಚಿಗುರಿತು. ಆಸೆ ನ್ಯಾಯವಾದದ್ದೇ. ಅಂಗಡಿ ಬಾಡಿಗೆ ಹುಟ್ಟುವುದೂ ಆ ಪುಸ್ತಕಗಳಿಂದಲೇ. ಕಥೆ, ಕಾದಂಬರಿ ಒಳಗಿನ ಗೋಡೆಗೆ, ಮೇಲಿನ ಸಾಲಿನಲ್ಲಿ, ಸ್ಟೂಲ್ ಹತ್ತಿದರೆ ಮಾತ್ರ ಕೈಗೆ ಸಿಗುವ ಎತ್ತರದಲ್ಲಿ ಇರುತ್ತವೆ. ನಾನು ಒಬ್ಬ ಅಂಗಡಿಯವರನ್ನು ಕೇಳಿಕೊಂಡೆ: ನನ್ನ ಪುಸ್ತಕದ ಎರಡೇ ಪ್ರತಿ ಗಲ್ಲಾ ಹತ್ತಿರ, ತಿಂಗಳ ಮ್ಯಾಗಝಿನ್‌ಗಳ ಪಕ್ಕ ಇಡ್ರಿ ಅಂತ. ಅವರು ಇಟ್ಟರು. ಕೊಂಡವರಲ್ಲಿ ಪರೀಕ್ಷೆಗೆ ಓದುವ ಹುಡುಗರೇ ಜಾಸ್ತಿ. ಒಬ್ಬ ನನಗೆ ಫೋನ್ ಮಾಡಿ ಹೇಳಿದ: "ದಿನಾ ಕರೆಂಟ್ ಅಫೇರ್ಸ್ ಓದಿ ತಲಿ ಕೆಡ್ತದ್ರಿ ಮೇಡಂ, ರಾತ್ರಿ ಮಲಗೋ ಮುಂದ ಕಥಿ ಬೇಕಾಗ್ತದ." ಇವರನ್ನು ಕಾದಂಬರಿಯ ಓದುಗರು ಎಂದು ಪ್ರಕಾಶಕರು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ನನ್ನ ಪ್ರಕಾರ ನಮ್ಮ ಕಡೆ ದಿನವೂ ಪುಸ್ತಕ ಹಿಡಿದು ಕೂರುವ ದೊಡ್ಡ ಗುಂಪು ಇವರದೇ. ಅವರ ಕಣ್ಣೆದುರು ಒಂದು ಕಾದಂಬರಿ ಇಡಬೇಕು, ಅಷ್ಟೇ.

ಸುದ್ದಿ ಮತ್ತು ಪುಸ್ತಕ ಒಂದೇ ಜಾಗದಲ್ಲಿ ಸಿಕ್ಕರೆ ಏನಾಗುತ್ತದೆ ಅನ್ನುವುದನ್ನು 2020ರಲ್ಲಿ ನೋಡಿದೆವು. ಆ ಫೆಬ್ರವರಿ 5ರಿಂದ 7ರವರೆಗೆ ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿ 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು, ಎಚ್.ಎಸ್. ವೆಂಕಟೇಶಮೂರ್ತಿ ಅಧ್ಯಕ್ಷರಾಗಿದ್ದರು. ಗೋಷ್ಠಿಗಳಲ್ಲಿ ಕೂತಿದ್ದಕ್ಕಿಂತ ಹೆಚ್ಚು ಹೊತ್ತು ನಾನು ಪುಸ್ತಕ ಮಳಿಗೆಗಳಲ್ಲಿ ನಿಂತು ಜನರ ಕೈಗಳನ್ನೇ ನೋಡಿದೆ. ಮುಖಪುಟ ನೋಡಿ ಎತ್ತಿಕೊಳ್ಳುತ್ತಾರೆ. ತಕ್ಷಣ ತಿರುಗಿಸಿ ಬೆಲೆ ನೋಡುತ್ತಾರೆ. ಬೆಲೆ ಒಗ್ಗಿದರೆ ಹಿಂದಿನ ಬೆನ್ನುಡಿಯ ಮೇಲೆ ಕಣ್ಣಾಡಿಸುತ್ತಾರೆ, ಅದರಲ್ಲಿ ಹೊಗಳಿಕೆ ತುಂಬಿದ್ದರೆ ಪೂರ್ತಿ ಓದುವುದಿಲ್ಲ. ಆಮೇಲೆ ಮೊದಲ ಪುಟ ತೆರೆದು ನಿಂತಲ್ಲೇ ಐದಾರು ಸಾಲು ಓದುತ್ತಾರೆ. ತುಟಿ ಅಲ್ಲಾಡಿಸುತ್ತಾ ಓದಿದವರು ಬಹುತೇಕ ಕೊಂಡೇ ಹೋದರು. ಒಬ್ಬ ಹಿರಿಯ ಹೆಣ್ಣುಮಗಳು ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸುತ್ತಾ "ಇದರಾಗ ನಮ್ಮ ಕಡಿ ಮಾತು ಅದ ನೋಡ್ರಿ" ಎಂದು ಪಕ್ಕದವರಿಗೆ ಹೇಳಿದರು. ಪಕ್ಕದವರೂ ಒಂದು ಪ್ರತಿ ತಗೊಂಡರು. ಆ ಒಂದು ಮಾತು ಮಾಡಿದ ಕೆಲಸ ಯಾವ ಜಾಹೀರಾತೂ ಮಾಡುವುದಿಲ್ಲ. ನಾನು ಅಂದಿನಿಂದ ಮೊದಲ ಪುಟವನ್ನು ಬರೆಯುವ ರೀತಿಯೂ ಬೇರೆ ಆಯಿತು, ಅದು ಇನ್ನೊಂದು ದಿನದ ಮಾತು.

ಸಮ್ಮೇಳನ ನಮ್ಮೂರಿಗೆ ವರ್ಷವೂ ಬರುವುದಿಲ್ಲವಲ್ಲ. ಹಾಗಾಗಿ ಜನ ಮೊದಲೇ ಸೇರುವ ಜಾಗಗಳಿಗೆ ಪುಸ್ತಕ ಒಯ್ಯಲು ಶುರು ಮಾಡಿದೆ. ಶ್ರಾವಣದಲ್ಲಿ ನಮ್ಮ ಕಡೆ ಊರೂರಿಗೆ ಪುರಾಣ, ಪ್ರವಚನ ಇರುತ್ತದೆ. ಸಂಜೆ ಹೆಂಗಸರು, ಮಕ್ಕಳು, ಮುದುಕರು ಎಲ್ಲ ಬರುತ್ತಾರೆ. ಅಲ್ಲಿ ವಚನದ ಚಿಕ್ಕ ಪುಸ್ತಕಗಳು ಕಡಿಮೆ ಬೆಲೆಗೆ ಚೆನ್ನಾಗಿ ಹೋಗುತ್ತವೆ, ಇನ್ನೂರು ರೂಪಾಯಿಯ ಕಾದಂಬರಿ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಆದರೆ ಒಂದು ಊರಿನಲ್ಲಿ ಪ್ರವಚನಕಾರರು ನನ್ನ ಕಾದಂಬರಿಯ ಒಂದು ಪ್ರಸಂಗವನ್ನು, ಬರಗಾಲದಲ್ಲಿ ಸೊಸೆ ತವರಿಗೆ ಜೋಳ ಕೇಳಲು ಹೋಗುವುದನ್ನು, ತಮ್ಮ ಮಾತಿನ ನಡುವೆ ಹೇಳಿದರು. ಪ್ರವಚನ ಮುಗಿದಮೇಲೆ ಹೆಂಗಸರು ಮೇಜಿನ ಹತ್ತಿರ ಬಂದು "ಮುಂದ ಏನಾಯ್ತ್ರಿ ಆಕಿಗೆ?" ಎಂದು ಕೇಳಿದರು. ಇಬ್ಬರು ಮೂವರು ಸೇರಿ ದುಡ್ಡು ಹಾಕಿ ಒಂದು ಪುಸ್ತಕ ಕೊಂಡರು. ಓದು ಬಾರದ ಅತ್ತೆಗೆ ಸೊಸೆ ಓದಿ ಹೇಳುತ್ತಾಳಂತೆ.

ಆಕಾಶವಾಣಿ ಕಲಬುರಗಿಯಲ್ಲಿ ಒಮ್ಮೆ ಕಥೆ ಓದಿದ್ದೆ. ರೇಡಿಯೋ ಯಾರು ಕೇಳುತ್ತಾರೆ ಅನ್ನುವವರು ನನ್ನ ನೋಟ್‌ಬುಕ್ ನೋಡಬೇಕು. ಚಿಂಚೋಳಿ ಕಡೆಯ ಕಿರಾಣಿ ಅಂಗಡಿಯವರು, ಶಹಾಬಾದಿನ ಟೈಲರು, ಸುರಪುರದ ಹತ್ತಿ ಬೆಳೆಗಾರರು, ಇವರೆಲ್ಲ ಕೆಲಸ ಮಾಡುತ್ತಲೇ ಕೇಳಿದವರು. ಅವರೂ ಕೊನೆಗೆ ಕೇಳಿದ್ದು ಅದೇ ಮಾತು: "ಪುಸ್ತಕ ಎಲ್ಲಿ ಸಿಗ್ತದ್ರಿ?"

ಈ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ, ತಾಲೂಕಿಗೊಬ್ಬರು. ಮೊದಲು ಒಂದೊಂದೇ ಪ್ರತಿ ಅಂಚೆಯಲ್ಲಿ ಕಳಿಸುತ್ತಿದ್ದೆ. 2024ರ ಡಿಸೆಂಬರ್‌ನಲ್ಲಿ ಪುಸ್ತಕಗಳಿಗೆಂದೇ ಇದ್ದ ಕಡಿಮೆ ದರದ ಅಂಚೆ, ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತಿತು, ಒಂದು ಪುಸ್ತಕ ಕಳಿಸುವ ಖರ್ಚು ಏರಿತು. ಪುಸ್ತಕದ ಬೆಲೆಯ ಜೊತೆಗೆ ಅದನ್ನೂ ಓದುಗರ ತಲೆಗೆ ಹಾಕುವುದು ನನಗೆ ಸರಿ ಕಾಣಲಿಲ್ಲ. ಈಗ ಒಂದೊಂದು ತಾಲೂಕಿನಲ್ಲೂ ಪುಸ್ತಕ ಪ್ರೀತಿಸುವ ಒಬ್ಬರ ಹತ್ತಿರ ಹತ್ತು ಪ್ರತಿಯ ಕಟ್ಟು ಇಡುತ್ತೇನೆ. ಕಟ್ಟು ಹೋಗುವುದು ಬಸ್ ಪಾರ್ಸೆಲ್ಲಿನಲ್ಲಿ. ಮೊದಲು ಪ್ಲಾಸ್ಟಿಕ್ ಹಾಳೆ ಸುತ್ತಬೇಕು, ಮಳೆಗಾಲದಲ್ಲಂತೂ ಇದನ್ನು ಬಿಡಲೇಬಾರದು. ಆಮೇಲೆ ಹಳೆ ಪೇಪರು, ಅದರ ಮೇಲೆ ರಟ್ಟು, ನಾಲ್ಕು ಮೂಲೆಗೆ ಇನ್ನೊಂದು ಮಡಿಕೆ ರಟ್ಟು, ಯಾಕಂದ್ರೆ ಪೆಟ್ಟು ಬೀಳುವುದು ಮೂಲೆಗೇ. ಮೂಲೆ ಮಡಚಿದ ಪುಸ್ತಕವನ್ನು ಯಾರೂ ಪೂರ್ತಿ ದುಡ್ಡು ಕೊಟ್ಟು ಕೊಳ್ಳುವುದಿಲ್ಲ.

ಹುಮನಾಬಾದಿನಲ್ಲಿ ನನ್ನ ಪುಸ್ತಕ ಇರುವುದು ಒಂದು ಮೆಡಿಕಲ್ ಅಂಗಡಿಯಲ್ಲಿ. ಅಂಗಡಿಯವರು ಒಳ್ಳೆ ಓದುಗರು. ಗಿರಾಕಿ ಇಲ್ಲದ ಮಧ್ಯಾಹ್ನ ಕೌಂಟರಿನ ಮೇಲೆ ಪುಸ್ತಕ ತೆರೆದಿಟ್ಟುಕೊಂಡು ಓದುತ್ತಾರೆ. ಔಷಧಿಗೆ ಬಂದವರು ಚೀಟಿ ಕೊಟ್ಟು ಕಾಯುವಾಗ "ಏನ್ ಓದ್ಲಿಕ್ಕತ್ತೀರಿ ಕಾಕಾ?" ಎಂದು ಕೇಳುತ್ತಾರೆ. ಇವರು ಕಥೆಯನ್ನು ಅರ್ಧ ಹೇಳಿ ನಿಲ್ಲಿಸುತ್ತಾರೆ. ಹಿಂದಿನ ರ‍್ಯಾಕಿನಲ್ಲಿ ಗ್ಲೂಕೋಸ್ ಡಬ್ಬಿಗಳ ಪಕ್ಕವೇ ಉಳಿದ ಪ್ರತಿಗಳು ನಿಂತಿರುತ್ತವೆ. ಸುದ್ದಿಯೂ ಅಲ್ಲೇ, ಪುಸ್ತಕವೂ ಅಲ್ಲೇ, ಫೋನ್‌ಪೇ ಸ್ಕ್ಯಾನರ್ರೂ ಅಲ್ಲೇ. ನಗರದ ಎಷ್ಟೋ ಅಂಗಡಿಗಳಿಗಿಂತ ಅಲ್ಲಿ ನನ್ನ ಪುಸ್ತಕ ಜಾಸ್ತಿ ಹೋಗಿದೆ. ಪುಸ್ತಕದಂಗಡಿಗೆ ಕೊಡುವ ಶೇ 30ರಿಂದ 40ರ ಕಮಿಷನ್ ಅವರಿಗೂ ಕೊಡುತ್ತೇನೆ. ಬೇಡ ಅಂದರೂ ಕೊಡಬೇಕು. ಪ್ರೀತಿಯಿಂದ ಮಾಡುವ ಕೆಲಸಕ್ಕೆ ಕೂಲಿ ಬೇಡ ಅಂದುಕೊಂಡರೆ ಎರಡನೇ ಕಟ್ಟಿನ ಹೊತ್ತಿಗೆ ಪ್ರೀತಿಯೂ ಸುಸ್ತಾಗುತ್ತದೆ.

ವಾಟ್ಸಾಪ್ ಬಗ್ಗೆ ಎಲ್ಲರಿಗೂ ಗೊತ್ತಿದೆ, ಒಂದೇ ಮಾತು ಹೇಳುತ್ತೇನೆ. ಮುಖಪುಟದ ಫೋಟೋ, ಬಿಡುಗಡೆ ಸಮಾರಂಭದ ಫೋಟೋ ಕಳಿಸಿದರೆ ಅಭಿನಂದನೆ ಬರುತ್ತದೆ. ಮೊದಲ ಪುಟವನ್ನು ಓದಲು ಬರುವಷ್ಟು ದೊಡ್ಡದಾಗಿ ತೆಗೆದು ಕಳಿಸಿದರೆ ಆರ್ಡರ್ ಬರುತ್ತದೆ. ಶಿಕ್ಷಕರ ಗ್ರೂಪುಗಳಲ್ಲಿ ಇದು ಬಹಳ ದೂರ ಹೋಗುತ್ತದೆ. 2021ರ ಆಗಸ್ಟ್‌ನಲ್ಲಿ ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ತುರಾಯಿ, ಶಾಲು ಬೇಡ, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು ಆದೇಶ ಬಂದಮೇಲೆ ಶಾಲೆಗಳ ಬೀಳ್ಕೊಡುಗೆಗೂ ಪುಸ್ತಕ ಕೇಳುತ್ತಾರೆ. ಹಾಗೆ ಕೊಟ್ಟ ಪುಸ್ತಕ ಕಪಾಟಿನಲ್ಲೇ ಉಳಿಯುತ್ತದೆ ಅನ್ನುತ್ತಾರೆ. ಉಳಿಯಲಿ ಬಿಡಿ, ಆ ಮನೆಯಲ್ಲಿ ರಜೆಗೆ ಬರುವ ಮೊಮ್ಮಕ್ಕಳು ಇರುತ್ತಾರೆ.

ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋದ ನಮ್ಮವರಿಗೆ ಇ-ಪುಸ್ತಕ ಒಳ್ಳೆಯದು. ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್ ಆಪ್‌ಗಳಲ್ಲಿ ಕನ್ನಡ ಪುಸ್ತಕ ಸಿಗುತ್ತವೆ. ಆದರೆ ಆ ಓದುಗರೂ ಪುಸ್ತಕವನ್ನು ಆಪ್‌ನಲ್ಲಿ ಹುಡುಕಿ ಕಂಡುಕೊಂಡವರಲ್ಲ. ಊರಿನಿಂದ ಅಕ್ಕನೋ ಗೆಳೆಯನೋ ಹೆಸರು ಕಳಿಸಿದ್ದಕ್ಕೆ ಅಲ್ಲಿ ಹೋಗಿ ನೋಡಿದವರು.

ಗ್ರಂಥಾಲಯದ ಮಾತು ಹೇಳದಿದ್ದರೆ ಆಗುವುದಿಲ್ಲ. ಗ್ರಂಥಾಲಯ ಇಲಾಖೆ ಲೈಬ್ರರಿಗಳಿಗೆಂದು ಒಟ್ಟಿಗೆ ಪುಸ್ತಕ ಕೊಳ್ಳುವ ಸಗಟು ಖರೀದಿಗೆ ಅರ್ಜಿ ಹಾಕಿ. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ನಂಬರು, ಇಲ್ಲದೆ ಪುಸ್ತಕ ತರಬೇಡಿ, ನಮ್ಮ ದೇಶದಲ್ಲಿ ಅದು ಪುಕ್ಕಟೆ, ಅದನ್ನು ಕೊಡಿಸುತ್ತೇವೆ ಎಂದು ದುಡ್ಡು ಕೇಳುವವರಿಗೆ ಕೊಡಬೇಡಿ. ಆದರೆ ಖರೀದಿಯನ್ನೇ ನಂಬಿ ಪುಸ್ತಕ ಅಚ್ಚು ಹಾಕಿಸಬೇಡಿ. ನಾನು ಕಾದಂಬರಿ ನಡೆಯುವ ಊರುಗಳ ಸುತ್ತಲಿನ ಪಂಚಾಯಿತಿ ಗ್ರಂಥಾಲಯಗಳಿಗೆ, ಈಗ ಅರಿವು ಕೇಂದ್ರ ಅನ್ನುತ್ತಾರಲ್ಲ, ಅಲ್ಲಿಗೆ ಹೋಗಿ ಮೇಲ್ವಿಚಾರಕರ ಕೈಗೇ ಒಂದೊಂದು ಪ್ರತಿ ಕೊಡುತ್ತೇನೆ. ಅರ್ಧ ಗಂಟೆ ಕೂತು ಕಥೆ ಏನು ಅಂತ ಹೇಳುತ್ತೇನೆ. ಯಾಕಂದ್ರೆ ಓದುಗ ಬಂದು "ಒಳ್ಳೇದು ಯಾವುದು ಅದ?" ಎಂದು ಕೇಳುವುದು ಅವರನ್ನೇ. ಪುಕ್ಕಟೆ ಓದಿದವರು ಕೊಳ್ಳುವುದಿಲ್ಲ ಅನ್ನುವುದು ನನ್ನ ಅನುಭವಕ್ಕೆ ಬಂದಿಲ್ಲ. "ಲೈಬ್ರರಿದಾಗ ಓದೀನ್ರಿ, ಮಗಳಿಗಿ ಒಂದು ಬೇಕು" ಎಂದು ಕೇಳಿದವರು ನೋಟ್‌ಬುಕ್ಕಿನಲ್ಲಿ ಸಾಕಷ್ಟು ಜನ ಇದ್ದಾರೆ.

ಮುಂದಿನ ಕಾದಂಬರಿ ಈಗ ಅಚ್ಚಿಗೆ ಹೋಗುತ್ತಿದೆ. ಬಿಡುಗಡೆಗೆ ಮೊದಲೇ ಕಟ್ಟುಗಳು ತಾಲೂಕುಗಳಿಗೆ ಹೋಗಿರುತ್ತವೆ. ಕೊನೆಯ ಪುಟದಲ್ಲಿ ಲೇಖಕರ ಪರಿಚಯ ತೆಗೆಸಿ, ಆಳಂದದಿಂದ ಶಹಾಪುರದವರೆಗೆ ಪುಸ್ತಕ ಎಲ್ಲೆಲ್ಲಿ ಸಿಗುತ್ತದೆ ಅನ್ನುವ ಪಟ್ಟಿಯನ್ನು ಅವರವರ ಒಪ್ಪಿಗೆ ಕೇಳಿ ಹಾಕಿಸಿದ್ದೇನೆ.